ರಾತ್ರಿಯೂಟದ ಮೇಲಿನ ಆರೋಪ

ಮಲಗುವ ಮುಂಚೆ ಉಂಡದ್ದೆಲ್ಲ ಬೊಜ್ಜಾಗುತ್ತದೆ, ಅದಕ್ಕೇ ನಮ್ಮ ಹಿರಿಯರು ಹೊತ್ತು ಮುಳುಗುವಷ್ಟರಲ್ಲಿ ಊಟ ಮುಗಿಸುತ್ತಿದ್ದರು ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಹಿರಿಯರು ಬೇಗ ಉಣ್ಣುತ್ತಿದ್ದುದು ನಿಜ. ಅದಕ್ಕೆ ಹಚ್ಚುವ ಕಾರಣ ಮಾತ್ರ ನಮ್ಮ ಕಾಲದ್ದು. ರಾತ್ರಿಯೂಟವನ್ನು ಅತ್ಯಂತ ಕಟ್ಟುನಿಟ್ಟಾಗಿ ಬಿಟ್ಟವರು ಜೈನರು. ಕರ್ನಾಟಕದ ಎಷ್ಟೋ ಜೈನ ಮನೆಗಳಲ್ಲಿ ಇಂದಿಗೂ ಸೂರ್ಯಾಸ್ತದ ನಂತರ ಎಲೆ ಹಾಕುವುದಿಲ್ಲ. ದೀಪಕ್ಕೆ ಮುತ್ತುವ ಹುಳ ಅನ್ನಕ್ಕೆ ಬಿದ್ದೀತು, ಕಣ್ಣಿಗೆ ಕಾಣದ ಜೀವ ಬಾಯಿಗೆ ಹೋದೀತು ಎಂಬುದು ಅವರ ಅಳುಕು. ಅದು ಅಹಿಂಸೆಯ ನಿಯಮ, ಮೈತೂಕದ್ದಲ್ಲ. ಉಳಿದ ರೈತಾಪಿ ಜನಕ್ಕೆ ಕಾರಣ ಇನ್ನೂ ಸರಳ: ದೀಪದ ಎಣ್ಣೆ ದುಬಾರಿ, ಬೆಳಗಿನ ಜಾವಕ್ಕೆ ಏಳಬೇಕು. ಬೆಳಕಿದ್ದಾಗಲೇ ಮುದ್ದೆಯೋ ರೊಟ್ಟಿಯೋ ಉಂಡು ಮಲಗುವುದು ಬದುಕಿನ ಲೆಕ್ಕಾಚಾರವಾಗಿತ್ತು.

ಹಾಗಾದರೆ ವೈದ್ಯರು ಏನೆಂದಿದ್ದರು? ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಸ್ಥೂಲಕಾಯಕ್ಕೆ ಕಾರಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಅತಿಯಾಗಿ ತಿನ್ನುವುದು, ಜಿಡ್ಡು ಮತ್ತು ಸಿಹಿಯ ಭಾರಿ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಚಿಂತೆಯಿಲ್ಲದ ಬದುಕು, ಹುಟ್ಟಿನಿಂದ ಬಂದ ಪ್ರಕೃತಿ ಎಲ್ಲವೂ ಆ ಪಟ್ಟಿಯಲ್ಲಿವೆ. ರಾತ್ರಿಯ ಊಟ ಇಲ್ಲ. ರಾತ್ರಿ ಮೊಸರು ಬೇಡವೆಂದು ಅದೇ ಗ್ರಂಥ ಬೇರೆಡೆ ಹೇಳುತ್ತದೆ, ಆದರೆ ಅದು ಒಂದು ಪದಾರ್ಥದ ಮೇಲಿನ ನಿಷೇಧ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ನಮ್ಮ ಗಾದೆ ಕೂಡ ಎಷ್ಟು ಸಲ ಉಂಡೆ ಎಂದು ಕೇಳುತ್ತದೆ, ಎಷ್ಟು ಗಂಟೆಗೆ ಎಂದಲ್ಲ. ತಡರಾತ್ರಿಯ ಊಟ ದೊಡ್ಡ ಪ್ರಶ್ನೆಯಾಗಲು ವಿದ್ಯುತ್ ಬೇಕಾಯಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಪಾಳಿಯ ಕೆಲಸವೂ ದೀಪದ ಬೆಳಕೂ ಹಬ್ಬಿದಂತೆ ಊಟದ ಹೊತ್ತು ತಡವಾಗುತ್ತ ಹೋಯಿತು.

ರಾತ್ರಿ ಉಂಡದ್ದೆಲ್ಲ ಬೊಜ್ಜು ಎಂಬ ಮಾತಿಗೆ ಎದುರು ನಿಲ್ಲುವ ಸಾಕ್ಷಿ ಗರಡಿಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ, ಜಟ್ಟಿಗಳಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ. ಮೈಸೂರಿನ ಗರಡಿಗಳಲ್ಲೂ ಬೆಳಗಾವಿಯ ತಾಲೀಮುಗಳಲ್ಲೂ ಈ ರೂಢಿ ಮುಂದುವರಿಯಿತು. ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕಲಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿಯಲ್ಲಿ ನಸುಕಿಗೇ ಇಳಿದು, ದಂಡ ಬಸ್ಕಿ ಹೊಡೆದು, ಸಂಜೆ ಮತ್ತೆ ಸಾಮು ಮಾಡುವ ಪೈಲ್ವಾನನಿಗೆ ತುಪ್ಪ, ಅರೆದ ಬಾದಾಮಿ, ರಾತ್ರಿಯ ಹಾಲು ಬಿಡುವಂತಿರಲಿಲ್ಲ. ಉಂಡು ಮಲಗಿದವನೆಲ್ಲ ಬೊಜ್ಜು ಬೆಳೆಸಿಕೊಳ್ಳುವುದಾದರೆ ಗರಡಿಯಲ್ಲಿ ಗಟ್ಟಿ ಮೈಯವರೇ ಇರಬಾರದಿತ್ತು.

ಇತ್ತೀಚಿನ ಪ್ರಯೋಗಗಳು ರಾತ್ರಿ ಹಾಲಿನ ಈ ರೂಢಿಗೆ ಒಂದಿಷ್ಟು ಬೆಂಬಲ ಕೊಡುತ್ತವೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸಿನ್. ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಧಾನವಾಗಿ ಕರಗುತ್ತದೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು 2012ರಲ್ಲಿ, ಸಂಜೆ ವ್ಯಾಯಾಮ ಮಾಡಿದ ಯುವಕರಿಗೆ ಮಲಗುವ ಮುನ್ನ 40 ಗ್ರಾಂ ಕೇಸಿನ್ ಕೊಟ್ಟಾಗ, ರಾತ್ರಿಯಿಡೀ ಸ್ನಾಯು ಕಟ್ಟುವ ಕೆಲಸ ಸುಮಾರು ಶೇ. 22 ಹೆಚ್ಚಿತು. 2015ರಲ್ಲಿ 44 ಯುವಕರ ಮೇಲೆ ನಡೆದ 12 ವಾರಗಳ ಪ್ರಯೋಗದಲ್ಲೂ, ರಾತ್ರಿ ಪ್ರೋಟೀನ್ ಕುಡಿದವರ ಬಲ ಮತ್ತು ಸ್ನಾಯು ಹೆಚ್ಚಾಗಿ ಬೆಳೆದವು. ಇಲ್ಲಿ ಆಕ್ಷೇಪಕ್ಕೆ ಎಡೆಯಿದೆ: ಎರಡನೇ ಗುಂಪಿಗೆ ಸಿಕ್ಕಿದ್ದು ಪೋಷಕಾಂಶವಿಲ್ಲದ ಪೇಯ. ಹೀಗಾಗಿ ಲಾಭ ಹೊತ್ತಿನದೋ ಒಟ್ಟು ಪ್ರೋಟೀನಿನದೋ ಎಂದು ಬಿಡಿಸಿ ಹೇಳಲಾಗದು. ಒಂದು ಲೋಟ ಹಾಲಿನಲ್ಲಿರುವುದು ಎಂಟು ಗ್ರಾಂ ಪ್ರೋಟೀನ್. 40 ಗ್ರಾಂ ಬೇಕಾದರೆ ಲೀಟರಿಗೂ ಮೀರಿ ಕುಡಿಯಬೇಕು. ಪೈಲ್ವಾನನ ಚೊಂಬು ನಮ್ಮ ಲೋಟವಲ್ಲ.

ಹೊತ್ತಿಗೆ ಏನೂ ಬೆಲೆಯಿಲ್ಲವೆಂದೂ ಹೇಳಲಾಗದು. ಮೈಗೆ ತನ್ನದೇ ಗಡಿಯಾರವಿದೆ ಎನ್ನುವವರ ವಾದಕ್ಕೆ ಆಧಾರವಿದೆ. 2022ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ 16 ಜನಕ್ಕೆ ಅದೇ ಆಹಾರವನ್ನು ಅಷ್ಟೇ ಪ್ರಮಾಣದಲ್ಲಿ, ಸುಮಾರು ನಾಲ್ಕು ಗಂಟೆ ತಡವಾಗಿ ಬಡಿಸಿದಾಗ ಹಸಿವು ಹೆಚ್ಚಿತು, ಮೈ ಸುಡುವ ಶಕ್ತಿ ತುಸು ಇಳಿಯಿತು. ಆದರೆ ಆ ಪ್ರಯೋಗ ಚಿಕ್ಕದು, ಕೆಲವೇ ದಿನಗಳದ್ದು. ಅದೇ ವರ್ಷ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ, ದಿನದ ಕ್ಯಾಲರಿಯ ಹೆಚ್ಚು ಪಾಲನ್ನು ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಕೊಟ್ಟು ನೋಡಿದರೆ ತೂಕ ಇಳಿದದ್ದು ಒಂದೇ ಸಮ. ಬೆಳಿಗ್ಗೆ ಹೆಚ್ಚು ತಿಂದಾಗ ಹಸಿವು ಮಾತ್ರ ಕಡಿಮೆ ಇತ್ತು. ಒಟ್ಟು ಮೊತ್ತ ಒಂದೇ ಆಗಿದ್ದರೆ ತೂಕ ಗಂಟೆಗೆ ಅಷ್ಟಾಗಿ ಬಗ್ಗುವುದಿಲ್ಲ. ತಡಮಾಡಿದರೆ ಹಸಿವು ಕೆರಳಿ ಆ ಮೊತ್ತವೇ ಕೈಮೀರುವ ಅಪಾಯ ಮಾತ್ರ ಇದೆ. ಒಂಬತ್ತಕ್ಕೆ ಊಟ ಮುಗಿಸಿ, ಹನ್ನೊಂದಕ್ಕೆ ಟೀವಿಯ ಮುಂದೆ ಚಿಪ್ಸ್ ಪೊಟ್ಟಣ ಬಿಚ್ಚುವವನ ಬೊಜ್ಜಿಗೆ ಸೇರುವುದು ಆ ಎರಡನೆಯ ಊಟ.

ಆದ್ದರಿಂದ ಹಿರಿಯರ ನಿಯಮವನ್ನು ಉಳಿಸಿಕೊಳ್ಳುವವರು ಅದರ ಕಾರಣವನ್ನೂ ಜೊತೆಗೆ ಉಳಿಸಿಕೊಳ್ಳಲಿ. ಅಹಿಂಸೆಗೆಂದು, ನೆಮ್ಮದಿಯ ನಿದ್ದೆಗೆಂದು ಬೇಗ ಉಣ್ಣುವುದು ಸರಿಯೇ. ಬೊಜ್ಜಿನ ಲೆಕ್ಕ ಬೇರೆ. ಚರಕ ಕೇಳಿದ್ದನ್ನೇ ಪ್ರಯೋಗಾಲಯವೂ ಕೇಳುತ್ತಿದೆ: ಎಷ್ಟು ಉಂಡೆ, ಎಷ್ಟು ದುಡಿದೆ? ಜಟ್ಟಿ ಈ ಎರಡಕ್ಕೂ ಮಟ್ಟಿಯಲ್ಲಿ ಉತ್ತರ ಕೊಡುತ್ತಿದ್ದ. ಸಾಮು ಬಿಟ್ಟು ಅವನ ಹಾಲನ್ನಷ್ಟೇ ಅನುಕರಿಸಿದರೆ ಬೆಳೆಯುವುದು ಹೊಟ್ಟೆ, ತೋಳಲ್ಲ.