ಹಬಲ್‌ನ ಪಂಚಾಂಗ ಬರೆದವರು

ಹಬಲ್ ದೂರದರ್ಶಕ ಎಂದೊಡನೆ ನಮ್ಮೆಲ್ಲರ ಕಣ್ಮುಂದೆ ಬರುವುದು ಬಣ್ಣಬಣ್ಣದ ನೀಹಾರಿಕೆಗಳು. ಅದು ಯಾವ ಗಳಿಗೆಯಲ್ಲಿ ಎತ್ತ ನೋಡಬೇಕೆಂದು ಗೊತ್ತುಮಾಡಿದವರ ಕಥೆ ಮಾತ್ರ ನಮ್ಮಂಥ ಸಾಫ್ಟ್‌ವೇರ್ ಮಂದಿಗೂ ಅಷ್ಟಾಗಿ ತಿಳಿದಿಲ್ಲ.

ಹಬಲ್ ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಸುತ್ತಿನ ಹೆಚ್ಚುಕಡಿಮೆ ಅರ್ಧ ಹೊತ್ತು, ನೋಡಬೇಕಾದ ನಕ್ಷತ್ರಕ್ಕೆ ಭೂಮಿಯೇ ಅಡ್ಡ. ಸೂರ್ಯನತ್ತ ತಿರುಗುವಂತಿಲ್ಲ. ದಕ್ಷಿಣ ಅಟ್ಲಾಂಟಿಕ್ ಮೇಲೆ ವಿಕಿರಣ ಹೆಚ್ಚಿರುವ ಜಾಗ ದಾಟುವಾಗ ವೀಕ್ಷಣೆ ನಿಲ್ಲಿಸಬೇಕು. ಗುರಿ ಕದಲದಂತೆ ಹಿಡಿದಿಡಲು ಪಕ್ಕದಲ್ಲಿ ತಕ್ಕ ನಕ್ಷತ್ರಗಳೂ ಸಿಗಬೇಕು. ಒಂದೇ ಛತ್ರದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮದುವೆ, ಒಂದೊಂದಕ್ಕೂ ಬೇರೆ ಬೇರೆ ಮುಹೂರ್ತ ಎಂದುಕೊಳ್ಳಿ! ಇಲ್ಲಿ ವ್ಯರ್ಥವಾದ ಗಳಿಗೆ ಎಂದರೆ ಯಾರೋ ಒಬ್ಬ ಖಗೋಳವಿಜ್ಞಾನಿ ಕಾದು ಪಡೆದ ಸರದಿಯೇ ಹೋದಂತೆ.

ಬಾಲ್ಟಿಮೋರಿನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಮಾರ್ಕ್ ಜಾನ್‌ಸ್ಟನ್ ಮತ್ತು ಸಂಗಡಿಗರು 1987ರಲ್ಲಿ ಇದಕ್ಕೆಂದೇ ‘ಸ್ಪೈಕ್’ ಎಂಬ ತಂತ್ರಾಂಶ ಬರೆಯತೊಡಗಿದರು, ಲಿಸ್ಪ್ ಭಾಷೆಯಲ್ಲಿ. ಹಬಲ್ ಹಾರಿದ್ದು 1990ರ ಏಪ್ರಿಲ್‌ನಲ್ಲಿ. ಜಾನ್‌ಸ್ಟನ್ ಅವರು ಜರ್ಮನಿಯ ಗಾರ್ಚಿಂಗ್‌ನಲ್ಲಿದ್ದ ಹಾನ್ಸ್-ಮಾರ್ಟಿನ್ ಆಡೋರ್ಫ್ ಜೊತೆ ಸೇರಿ ವೇಳಾಪಟ್ಟಿ ಹೊಂದಿಸಲು ಒಂದು ನ್ಯೂರಲ್ ಜಾಲ ಕಟ್ಟಿದರು. ಪರೀಕ್ಷೆಗೆ ಅದರ ಮುಂದಿಟ್ಟದ್ದು ಚದುರಂಗದ ಹಳೆಯ ಒಗಟು: ಒಂದನ್ನೊಂದು ಹೊಡೆಯದಂತೆ ರಾಣಿಗಳನ್ನು (ನಮ್ಮ ಕಡೆ ಕೆಲವರಿಗೆ ಇದು ‘ಮಂತ್ರಿ’) ಮಣೆಯ ಮೇಲೆ ಕೂರಿಸುವುದು. ಜಾಲ ಸಾವಿರಕ್ಕೂ ಹೆಚ್ಚು ರಾಣಿಗಳನ್ನು ಕೂರಿಸಿಬಿಟ್ಟಿತು. ಅಲ್ಲಿಯವರೆಗಿನ ಹುಡುಕಾಟದ ವಿಧಾನಗಳು ಅಷ್ಟು ದೊಡ್ಡ ಮಣೆಯ ಮುಂದೆ ತಿಣುಕುತ್ತಿದ್ದವು.

ಇಷ್ಟಕ್ಕೇ ಖುಷಿಪಟ್ಟು ಬಿಡಬಹುದಿತ್ತು. ಆದರೆ ನಾಸಾದ ಏಮ್ಸ್ ಕೇಂದ್ರದ ಸ್ಟೀವನ್ ಮಿಂಟನ್ ಮತ್ತು ಗೆಳೆಯರು, ಜಾನ್‌ಸ್ಟನ್ ಅವರನ್ನೂ ಜೊತೆಗಿಟ್ಟುಕೊಂಡು, ಇದು ಗೆಲ್ಲುವುದಾದರೂ ಹೇಗೆ ಎಂದು ಕೆದಕಿದರು. ನಮಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸುವ ಭಾಗ ಇದು. ಬಿಚ್ಚಿ ನೋಡಿದರೆ ಒಳಗಿದ್ದದ್ದು ನಮ್ಮ ಅಜ್ಜಿಗೂ ಅರ್ಥವಾಗುವ ಒಂದು ನಿಯಮ. ಮೊದಲು ಹೇಗಾದರೂ ಒಂದು ಪಟ್ಟಿ ಮಾಡು. ಆಮೇಲೆ ಜಗಳದಲ್ಲಿರುವ ಒಬ್ಬರನ್ನು ಹಿಡಿದು, ಎಲ್ಲಿ ಕೂರಿಸಿದರೆ ಜಗಳ ಅತಿ ಕಡಿಮೆಯೋ ಅಲ್ಲಿ ಕೂರಿಸು. ಜಗಳ ಮುಗಿಯುವವರೆಗೆ ಇದನ್ನೇ ಮಾಡು. ನ್ಯೂರಲ್ ಜಾಲದ ಹಂಗೇ ಬೇಕಾಗಲಿಲ್ಲ! 1990ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆರಂಭದ ಜೋಡಣೆಯ ನಂತರ ಸರಾಸರಿ ಐವತ್ತು ನಡೆಗಳಲ್ಲಿ ಹತ್ತು ಲಕ್ಷ ರಾಣಿಗಳು ತಣ್ಣಗೆ ಕೂತರು.

ಎಂ.ಎಸ್. ಓದುವಾಗ ರಸೆಲ್ ಮತ್ತು ನಾರ್ವಿಗ್ ಪಠ್ಯ ತಿರುವಿದವರಿಗೆ ‘ಮಿನ್-ಕಾನ್‌ಫ್ಲಿಕ್ಟ್ಸ್’ ಎಂಬ ಹೆಸರು ನೆನಪಿರಬಹುದು, ಇದೇ ಅದು. ಹಬಲ್‌ನ ಒಂದು ವಾರದ ವೇಳಾಪಟ್ಟಿಗೆ ಮೂರು ವಾರ ಹಿಡಿಯುತ್ತಿದ್ದದ್ದು ಹತ್ತು ನಿಮಿಷಕ್ಕಿಳಿಯಿತು ಎಂದು ಆ ಪುಸ್ತಕ ಆಶ್ಚರ್ಯಸೂಚಕ ಚಿಹ್ನೆ ಹಾಕಿಯೇ ಹೇಳುತ್ತದೆ.

ಸ್ಪೈಕ್ ಹಬಲ್‌ಗಷ್ಟೇ ನಿಲ್ಲಲಿಲ್ಲ. ಚಂದ್ರಾ ಕ್ಷಕಿರಣ ದೂರದರ್ಶಕಕ್ಕೂ ಬಂತು. 2021ರ ಡಿಸೆಂಬರ್‌ನಲ್ಲಿ ಹಾರಿದ ಜೇಮ್ಸ್ ವೆಬ್‌ನ ದೀರ್ಘಾವಧಿ ಯೋಜನೆಗೂ ಬಾಲ್ಟಿಮೋರಿನಲ್ಲಿ ಬಳಕೆಯಾದದ್ದು ಇದೇ ಸ್ಪೈಕ್.