ಪಿಎಚ್‌ಡಿ ಮುಗೀತಾ? ಪೋಸ್ಟ್‌ಡಾಕ್ ಹುದ್ದೆ, ಫೆಲೋಶಿಪ್ ಹುಡುಕುವುದು ಹೀಗೆ

ಪಿಎಚ್‌ಡಿ ಪ್ರಬಂಧ ಸಲ್ಲಿಸಿದ ಮೇಲೆ ಸ್ಟೈಪೆಂಡ್ ನಿಲ್ಲುತ್ತದೆ, ಬಾಂದ್ರಾದಂಥ ಕಡೆ ಮನೆ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ವಿಜ್ಞಾನ, ಎಂಜಿನಿಯರಿಂಗ್ ಸಂಶೋಧಕರು ಪ್ರಬಂಧ ಸಲ್ಲಿಸುವ ಎಂಟು-ಹತ್ತು ತಿಂಗಳ ಮೊದಲೇ ಮುಂದಿನ ಅವಕಾಶ ಹುಡುಕಲು ಶುರು ಮಾಡುವುದು ಒಳ್ಳೆಯದು. ಇನ್ನೊಂದು ಕಾರಣವೂ ಇದೆ: ಹೆಚ್ಚಿನ ಫೆಲೋಶಿಪ್‌ಗಳಲ್ಲಿ ವಯಸ್ಸು ಅಥವಾ ಪಿಎಚ್‌ಡಿ ಪಡೆದ ನಂತರದ ವರ್ಷಗಳಿಗೆ ಮಿತಿ ಇರುತ್ತದೆ.

ಹುದ್ದೆ ಬೇರೆ, ಫೆಲೋಶಿಪ್ ಬೇರೆ

ಪೋಸ್ಟ್‌ಡಾಕ್ ಹುದ್ದೆಗೆ ಸಂಬಳ ಸಾಮಾನ್ಯವಾಗಿ ಪ್ರಾಧ್ಯಾಪಕರ ಪ್ರಾಜೆಕ್ಟ್ ಹಣದಿಂದ ಬರುತ್ತದೆ, ವಿಷಯವೂ ಅವರದೇ. ಸಂಸ್ಥೆಯ ವೆಬ್‌ಸೈಟ್‌ನಲ್ಲಿ 'ರಿಸರ್ಚ್ ಅಸೋಸಿಯೇಟ್' ಹೆಸರಿನಲ್ಲೂ ಜಾಹೀರಾತು ಇರುತ್ತದೆ. ಫೆಲೋಶಿಪ್ ನಿಮ್ಮ ಹೆಸರಿಗೆ ಸಿಗುತ್ತದೆ, ಯೋಜನೆಯೂ ನಿಮ್ಮದೇ. ಆದರೆ ಅರ್ಜಿಗೆ ಮೊದಲು ಮಾರ್ಗದರ್ಶಕರೊಬ್ಬರ ಒಪ್ಪಿಗೆ ಬೇಕಾಗುತ್ತದೆ.

ಬಾಂದ್ರಾ ಸುತ್ತಮುತ್ತ ಎಲ್ಲೆಲ್ಲಿ?

ಪೊವಾಯಿಯ ಐಐಟಿ ಬಾಂಬೆ, ಮಾಟುಂಗಾದ ಐಸಿಟಿ, ಕೊಲಾಬಾದ ಟಿಐಎಫ್‌ಆರ್, ಟ್ರಾಂಬೆಯ ಬಾರ್ಕ್, ಖಾರ್ಘರ್‌ನ ಆಕ್ಟ್ರೆಕ್ ವೆಬ್‌ಸೈಟ್‌ಗಳನ್ನು ವಾರಕ್ಕೊಮ್ಮೆ ನೋಡಿ. ಊರ ಕಡೆ ಮರಳುವ ಆಸೆಯಿದ್ದರೆ, ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಐಸಿಟಿಎಸ್ ಟಿಐಎಫ್‌ಆರ್‌ನದೇ ಕೇಂದ್ರಗಳು. 1945ರಲ್ಲಿ ಟಿಐಎಫ್‌ಆರ್ ಆರಂಭವಾದದ್ದೂ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲೇ.

ಯಾವುದಕ್ಕೆ ಎಷ್ಟು ಗಡುವು?

* ಎನ್-ಪಿಡಿಎಫ್ (ಭಾರತ): 2 ವರ್ಷ. ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ ಸಡಿಲಿಕೆ ಉಂಟು. ಹಿಂದೆ ಎಸ್‌ಇಆರ್‌ಬಿ ಕೊಡುತ್ತಿತ್ತು, ಈಗ ಅದರ ಜಾಗದಲ್ಲಿ ಎಎನ್‌ಆರ್‌ಎಫ್ ಇದೆ.
* ಹಂಬೋಲ್ಟ್ (ಜರ್ಮನಿ): ಪಿಎಚ್‌ಡಿ ಪಡೆದು 4 ವರ್ಷದೊಳಗೆ. ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು.
* ಜೆಎಸ್‌ಪಿಎಸ್ (ಜಪಾನ್): 6 ವರ್ಷದೊಳಗೆ. ಅವಧಿ 12ರಿಂದ 24 ತಿಂಗಳು.
* ಮೇರಿ ಕ್ಯೂರಿ (ಯುರೋಪ್): 8 ವರ್ಷದೊಳಗೆ. ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ.
* ಫುಲ್‌ಬ್ರೈಟ್-ನೆಹರು (ಅಮೆರಿಕ): 4 ವರ್ಷದೊಳಗೆ.

ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಒಮ್ಮೆ ಪೂರ್ತಿ ಓದಿ, ನಿಯಮಗಳು ಬದಲಾಗುತ್ತಿರುತ್ತವೆ.

ಅಮೆರಿಕಕ್ಕೆ ಹೊರಟವರು ಗಮನಿಸಿ

ಅಮೆರಿಕ ಕಾನ್ಸುಲೇಟ್ ಇರುವುದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲೇ. ಪೋಸ್ಟ್‌ಡಾಕ್‌ಗೆ ಹೋಗುವ ಹಲವರಿಗೆ ಸಿಗುವುದು ಜೆ-1 ವೀಸಾ. ಫುಲ್‌ಬ್ರೈಟ್‌ನಂತೆ ಸರ್ಕಾರಿ ಹಣ ಇದ್ದವರಿಗೂ ಇನ್ನು ಕೆಲವರಿಗೂ ಇದರಲ್ಲಿ ಒಂದು ಷರತ್ತಿದೆ: ವಿನಾಯಿತಿ ಸಿಗದಿದ್ದರೆ, ಭಾರತದಲ್ಲಿ ಒಟ್ಟು 2 ವರ್ಷ ಇದ್ದ ಮೇಲಷ್ಟೇ ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್. ಷರತ್ತು ನಿಮಗೆ ಅನ್ವಯಿಸುತ್ತದೆಯೇ ಎಂದು ಆಫರ್ ಒಪ್ಪುವ ಮೊದಲೇ ಕೇಳಿ.

ಇಮೇಲ್ ಹೇಗಿರಬೇಕು?

ಒಂದೇ ಪತ್ರವನ್ನು ನೂರು ಜನರಿಗೆ ಕಳಿಸಬೇಡಿ. ಪ್ರಾಧ್ಯಾಪಕರ ಇತ್ತೀಚಿನ ಪ್ರಬಂಧವೊಂದನ್ನು ಓದಿ, ಅದಕ್ಕೆ ನಿಮ್ಮ ಕೆಲಸ ಎಲ್ಲಿ ಹೊಂದುತ್ತದೆ ಎಂದು ನಾಲ್ಕೈದು ಸಾಲಿನಲ್ಲಿ ಬರೆಯಿರಿ. ಸಿವಿ ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ.

ಆಫರ್ ಬಂದಾಗ ಮೂರು ಪ್ರಶ್ನೆ ಕೇಳಿ: ಹಣ ಎಷ್ಟು ದಿನಕ್ಕಿದೆ? ಅವಧಿ ವಿಸ್ತರಣೆ ಸಾಧ್ಯವೇ? ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ಹುದ್ದೆ ಕೊಡಿಸುತ್ತೇವೆಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.