ಆಡಿನ ಮೇವು: ಬೇಲಿಸೊಪ್ಪಿನಿಂದ ಗುಳಿಗೆಗೆ

ಬಸ್ತಿಹಳ್ಳಿ, ಹಳೇಬೀಡಿನ ಸುತ್ತಲ ಬಯಲುಸೀಮೆಯಲ್ಲಿ ಬಣವೆಯ ರಾಗಿಹುಲ್ಲು ಮುಖ್ಯವಾಗಿ ದನಗಳ ಪಾಲು. ಆಡಿಗೆ ಬೇಲಿಸೊಪ್ಪು, ಜಾಲಿಕಾಯಿ, ಹುರುಳಿ-ಅವರೆ ಹೊಟ್ಟು. ಹುಲ್ಲು ಹಾಕಿದರೂ ಎಲೆ ಆರಿಸಿ ತಿಂದು ಕಡ್ಡಿ ಬಿಡುವುದು ಅದರ ಜಾಯಮಾನ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ಕಾವಲುಗಳು ಅರಮನೆಯ ದನಗಳಿಗೇ ಮೀಸಲಾಗಿದ್ದವು. ಮುಂದೆ ಕಾವಲು, ಗೋಮಾಳಗಳು ಸಾಗುವಳಿಗೆ ಸಿಕ್ಕು ಮೇಯುವ ನೆಲ ಕಿರಿದಾದಾಗ ಕೊಟ್ಟಿಗೆಯಲ್ಲೇ ಸಾಕುವ ರೂಢಿ ಬೆಳೆಯಿತು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೇಂದ್ರದ ಪಶು ಪೋಷಣಾ ಸಂಸ್ಥೆ ಬೆಳೆ ಉಳಿಕೆಗಳನ್ನು ಮೇವಾಗಿಸುವ ಸಂಶೋಧನೆಯಲ್ಲಿ ತೊಡಗಿತು. ಒಣಮೇವನ್ನು ಪುಡಿಮಾಡಿ, ಹಬೆ ಹಾಯಿಸಿ ಒತ್ತಿದ ಗುಳಿಗೆಯಲ್ಲಿ ಆರಿಸಿ ಬಿಡಲು ಏನೂ ಉಳಿಯದು. ಸಾಗಾಟ, ದಾಸ್ತಾನು ಹಗುರ. ಬೆಲೆ ಮಾತ್ರ ಹೆಚ್ಚು. ಉದ್ದ ನಾರಿಲ್ಲದೆ ಮೆಲುಕು ತಗ್ಗುವುದರಿಂದ ಗುಳಿಗೆಯೊಂದಿಗೆ ಒಂದಿಷ್ಟು ಹುಲ್ಲು, ಸೊಪ್ಪು ಬೇಕೇ ಬೇಕು.